ಅಡುಗೆಮನೆಯಲ್ಲಿ ಓದಿದ ತೀರ್ಪು

ಮಾರ್ಚ್ 4

ಪ್ರೀತಿಯ ಅಕ್ಕನಿಗೆ,

ದೇವರ ದಯೆಯಿಂದ ಸುಖವಾಗಿ ಊರು ಸೇರಿದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ದಾರಿಯುದ್ದಕ್ಕೂ ತನ್ನ ಸೊಸೆಯ ಮೇಲೆ ದೂರು ಹೇಳುತ್ತಾ ಬಂದಳು. ನನ್ನ ಅಕ್ಕ ಜಡ್ಜು ಅಂತ ಬಾಯಿ ಬಿಟ್ಟಿದ್ದರೆ ಅಲ್ಲೇ ತೀರ್ಪು ಕೇಳುತ್ತಿದ್ದಳು.

ನಿನ್ನ ಹಳೇ ಗೌನು ಹುಡುಕಬೇಡ, ನಾನು ತಂದಿದ್ದೇನೆ. ಅಂಚು ಬಿಚ್ಚಿಕೊಂಡಿತ್ತು. ಹೇಳಿದರೆ "ಇರಲಿ ಬಿಡು ಗುಬ್ಬಿ" ಅನ್ನುತ್ತೀಯ ಎಂದು ಹೇಳದೆ ಚೀಲಕ್ಕೆ ತುರುಕಿಕೊಂಡೆ. ಮೇಲಿನ ಕೋರ್ಟಿನ ಮೊದಲ ಹೆಂಗಸು ಜಡ್ಜು ದಾರ ಎಳೆದುಕೊಂಡು ಓಡಾಡಿದರೆ ಜನ ನಿನ್ನನ್ನು ಅನ್ನುವುದಿಲ್ಲ, ತಂಗಿ ದರ್ಜಿಯಂತೆ, ಏನು ಪ್ರಯೋಜನ ಅನ್ನುತ್ತಾರೆ.

ಈ ಸಲ ನಿನ್ನ ಜೊತೆ ಕಳೆದ ದಿನಗಳು ಮನಸ್ಸಿನಿಂದ ಹೋಗುತ್ತಿಲ್ಲ. ನೀನು ಅಡುಗೆಮನೆಯ ಆ ಕುರ್ಚಿಯಲ್ಲಿ ಕೂತು ತೀರ್ಪು ಓದುವುದು, ನಾನು ಎದುರಿನ ಕುರ್ಚಿಯಲ್ಲಿ ಕಾಜ ಹೊಲಿಯುವುದು, ಅರ್ಥವಾಗದ ಕಡೆ ಕತ್ತರಿಯನ್ನು ಮೇಜಿನ ಮೇಲೆ ಟಕ್ ಎಂದು ಇಡುವುದು. ನೀನು ಕನ್ನಡಕ ತೆಗೆದು "ಎಲ್ಲಿ ಎಡವಿದೆ?" ಅನ್ನುವುದು. ಎಷ್ಟು ವರ್ಷದಿಂದ ಹೀಗೆ! ಗೆದ್ದವರು ತೀರ್ಪು ಓದುವುದೇ ಇಲ್ಲ, ಕೊನೆಯ ಸಾಲು ನೋಡಿ ಎದ್ದು ಹೋಗುತ್ತಾರೆ, ಸೋತವರೇ ಕೂತು ಓದುವವರು, ಹಾಗಾಗಿ ಬರೆಯಬೇಕಾದದ್ದು ಅವರಿಗೆ ಎಂದು ನಿನ್ನ ಪುಸ್ತಕದಲ್ಲಿದೆಯಂತೆ. ದೊಡ್ಡ ದೊಡ್ಡವರು ಅದರ ಮೇಲೆ ಭಾಷಣ ಮಾಡುತ್ತಾರಂತೆ. ನನಗೆ ಪುಸ್ತಕ ಗೊತ್ತಿಲ್ಲ. ಏಳನೇ ಕ್ಲಾಸಿಗೆ ಓದು ಬಿಟ್ಟ ತಂಗಿಗೆ ಅರ್ಥವಾಗುವ ತನಕ ಹಾಳೆ ಹರಿಯುವ ಅಕ್ಕ ಗೊತ್ತು.

ಆ ಚಪ್ಪಲಿ ವ್ಯಾಪಾರಿಯ ಕಥೆಗೆ ಮಾತ್ರ ನಾನು ಒಂದು ಸಲವೂ ಕತ್ತರಿ ಇಡಲಿಲ್ಲ, ಗಮನಿಸಿದೆಯಾ? ಪಾಪ ಮುದುಕ. ಅಂಗಡಿಯ ಆಳುಗಳು ಕೊನೆಗಾಲದಲ್ಲಿ ನೋಡಿಕೊಂಡ ಹಾಗೆ ಮಾಡಿ ಮನೆ ಬರೆಸಿಕೊಂಡರು, ಮದುವೆಯಾಗಿ ಬೇರೆ ಹೋಗಿದ್ದ ಮಗಳನ್ನು ಹತ್ತಿರ ಬಿಡಲಿಲ್ಲ. ಓದುಬರಹ ಬಲ್ಲ ಮನುಷ್ಯನಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂದರೆ ಇನ್ನು ಕೇಳುವುದೇನಿದೆ! ಯಾರ ಕಥೆಯೋ ಏನೋ, ನೀನು ಹೆಸರು ಹೇಳುವವಳಲ್ಲ, ನಾನು ಕೇಳುವವಳಲ್ಲ. ಆ ಮಗಳಿಗೆ ದೇವರು ಒಳ್ಳೆಯದು ಮಾಡಲಿ ಎಂದು ಇಲ್ಲಿ ಪ್ರಾರ್ಥನಾ ಮನೆಯಲ್ಲಿ ಎರಡು ಸಲ ಬೇಡಿಕೊಂಡೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಫೈಲು ಓಡಿಹೋಗುವುದಿಲ್ಲ.

ನಿನ್ನ ನೆನಪಿನಲ್ಲಿರುವ
ಗುಬ್ಬಿ

*

ಮಾರ್ಚ್ 21

ಗುಬ್ಬಿ,

ಗೌನು ಕದ್ದವಳ ಮೇಲೆ ಸದ್ಯಕ್ಕೆ ಕ್ರಮವಿಲ್ಲ. ಇನ್ನೊಂದು ಗೌನು ಇದೆ, ನಿಧಾನವಾಗಿ ಹೊಲಿ.

ಹೊಸದಾಗಿ ಬಂದ ಕಿರಿಯ ವಕೀಲೆಯೊಬ್ಬಳು ಮೊನ್ನೆ ನನ್ನ ಮೊದಲ ದಿನದ ಬಗ್ಗೆ ಕೇಳಿದಳು. ಬಾಗಿಲಲ್ಲಿ ಪೇದೆ ನನ್ನನ್ನು ತಡೆದು "ಕೇಸಿನವರು ಆ ಕಡೆ ಕೂರ್ಬೇಕಮ್ಮ" ಎಂದದ್ದು, ನಾನು ಹೋಗಿ ಆ ಬೆಂಚಿನ ಮೇಲೇ ಕೂತದ್ದು, ಇಡೀ ಕೋರ್ಟು ನನ್ನನ್ನು ಹುಡುಕಿದ್ದು ಎಲ್ಲ ಹೇಳಿದೆ. ನಕ್ಕಳು. ಆ ಬೆಂಚಿನಿಂದ ಪೀಠ ಎಷ್ಟು ಎತ್ತರ ಕಾಣುತ್ತದೆ ಎಂಬುದನ್ನು ಹೇಳಲು ಮರೆತೆ. ನಾನು ಆಮೇಲೆ ಬರೆದದ್ದೆಲ್ಲ ಆ ಎತ್ತರದ ಬಗ್ಗೆಯೇ.

ಮುಂದಿನ ತಿಂಗಳು ಒಂದು ತೀರ್ಪು ಬರುತ್ತದೆ. ಕೆಲವರಿಗೆ ನೋವಾಗಬಹುದು. ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿ ಬರೆದದ್ದು ಅದನ್ನೇ ಎಂದು ತಿಳಿದಿರಲಿ. ಇಷ್ಟೇ ಹೇಳಬಲ್ಲೆ.

ನಿನ್ನ ಕಣ್ಣಿನ ಡಾಕ್ಟರನ್ನು ನೋಡಿದೆಯಾ?

ಅಕ್ಕ

*

ಏಪ್ರಿಲ್ 18

ನ್ಯಾಯಮೂರ್ತಿಗಳಿಗೆ,

ಹೀಗೆ ಕರೆದದ್ದಕ್ಕೆ ಬೇಸರ ಬೇಡ. ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ.

ನಮ್ಮೂರಿನ ಗಡಿಯಾರ ರಿಪೇರಿಯ ತಾತನ ಮನೆಯ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಗಿದೆ ಎಂದು ನನಗೆ ಗೊತ್ತಿತ್ತು. ತಾತ ಪ್ರಾರ್ಥನಾ ಮನೆಗೆ ಬರೆದುಕೊಟ್ಟ ಮನೆ, ನಾವು ಸೇರುವ ಹಜಾರ ಅದೇ. ಅವರ ಮಗಳು ಅದು ತನಗೆ ಸೇರಬೇಕು ಎಂದು ದಾವೆ ಹಾಕಿದ್ದಳು. ನಿನ್ನ ಪೀಠಕ್ಕೆ ಅದು ಬರುವುದಿಲ್ಲ ಎಂದುಕೊಂಡಿದ್ದೆ. ತಂಗಿ ಇರುವ ಕಡೆ ಅಕ್ಕ ಕೂರುವುದಿಲ್ಲ ಎಂದು ಪ್ರಾರ್ಥನಾ ಮನೆ ನಡೆಸುವ ಹಿರಿಯರೂ ಹೇಳಿದ್ದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಪೇಪರ್ ಹಿಡಿದು ನಿಂತರು. "ನಾವು ಸೋತ್ವಿ. ಮನೆ ಬಿಡ್ಬೇಕು. ನಮ್ಮನ್ನ ಏನಂದಿದ್ದಾರೆ ಕೇಳಿ" ಎಂದರು. ಓದಿದರು.

"ಒಂದು ಕೈಯಲ್ಲಿ ಗಂಜಿ ಕುಡಿಸುತ್ತಾ ಇನ್ನೊಂದು ಕೈಯಲ್ಲಿ ಹೆಬ್ಬೆಟ್ಟು ಹಿಡಿದುಕೊಂಡವರದು ಸೇವೆಯಲ್ಲ, ಕೊಯ್ಲು."

ಅಕ್ಕ, ಅದು ನನ್ನ ಮಾತು. ನಿನ್ನ ಅಡುಗೆಮನೆಯಲ್ಲಿ, ಚಪ್ಪಲಿ ವ್ಯಾಪಾರಿಯ ಆಳುಗಳ ಮೇಲೆ ಸಿಟ್ಟು ಬಂದು, ದಾರ ಹಲ್ಲಿನಲ್ಲಿ ಕಡಿದು, ನಾನು ಆಡಿದ ಮಾತು. ನೀನು ಅದನ್ನು ಬರೆದುಕೊಂಡೆ. "ಚೆನ್ನಾಗಿ ಹೇಳಿದೆ ಗುಬ್ಬಿ" ಎಂದೆ. ನನಗೆ ಎಷ್ಟು ಖುಷಿಯಾಗಿತ್ತು!

ಆ ಗಂಜಿ ಕುಡಿಸಿದ ಕೈ ಯಾರದು ಗೊತ್ತಾ ನಿನಗೆ? ಗೊತ್ತಿತ್ತು. ತಾತನಿಗೆ ಎರಡು ಹೊತ್ತು ಗಂಜಿ ಮಾಡಿ ಕುಡಿಸಿದವಳು ನಾನು. ನಿನಗೆ ಕಾಗದ ಬರೆದು ಹೇಳಿದ್ದೆ. ಅವರ ಕಾಲು ಒರೆಸಿದ್ದು, ಹಾಸಿಗೆ ಬದಲಿಸಿದ್ದು ನಾನು. ಹೆಬ್ಬೆಟ್ಟಿನ ವಿಷಯ ನನಗೆ ಗೊತ್ತಿಲ್ಲ, ಸಂತೋಷದಿಂದ ಸಹಿ ಹಾಕಿದರು ಎಂದು ನಮಗೆಲ್ಲ ಹೇಳಿದ್ದರು. ನೀನು ನನ್ನ ಬಾಯಿಂದಲೇ ನನ್ನ ಕೈಗೆ ಮಸಿ ಬಳಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕ ಕೂತಿದ್ದ ಬೇಕರಿಯವಳು ನನ್ನ ಕಡೆ ತಿರುಗಿದಳು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮುದುಕಿಯರಾದವರು. "ಕೊಯ್ಲು ಅನ್ನೋದು ನಿನ್ ಮಾತಲ್ವೇನೇ? ಚಂದಾ ಎತ್ತೋರನ್ನ ಕಂಡ್ರೆ ಇದು ಕೊಯ್ಲು ಕಾಲ ಅಂತ ಯಾವಾಗ್ಲೂ ಅಂತಿದ್ದೆ" ಎಂದಳು. ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು.

ನೀನು ನನಗೆ ಒಂದು ಮಾತು ಹೇಳಬಹುದಿತ್ತು.

ತಂಗಿ

*

ಮೇ 2

ಗುಬ್ಬಿ,

ನಿನ್ನ ಕಾಗದ ಮೇಜಿನ ಮೇಲಿದೆ. ಉತ್ತರ ಬರೆದು ಬರೆದು ಹರಿದೆ. ನೀನಿದ್ದರೆ ಪ್ರತಿ ಸಾಲಿಗೂ ಕತ್ತರಿ ಇಡುತ್ತಿದ್ದೆ.

ಆ ಕೇಸು ಬಂದ ದಿನವೇ ಜೊತೆಯ ಇಬ್ಬರು ನ್ಯಾಯಮೂರ್ತಿಗಳಿಗೆ, ನನ್ನ ತಂಗಿ ಅಲ್ಲಿಗೆ ಪ್ರಾರ್ಥನೆಗೆ ಹೋಗುತ್ತಾಳೆ, ನಾನು ಕೂರುವುದಿಲ್ಲ ಎಂದೆ. ಪ್ರಾರ್ಥನೆ ಮಾಡುವವಳು ಆಸ್ತಿಯ ಪಾಲುದಾರಳಲ್ಲ, ನೀವೇ ಕೂರಬೇಕು ಎಂದರು. ನಾನು ಇನ್ನಷ್ಟು ಹಟ ಮಾಡಬಹುದಿತ್ತು. ಮಾಡಲಿಲ್ಲ.

ತೀರ್ಪು ಬರೆದಾದ ಮೇಲೆ ಭಯವಾಯಿತು. ನನಗೆ ನಿಮ್ಮ ಹಿರಿಯರನ್ನು ಕಂಡರೆ ಆಗುವುದಿಲ್ಲ, ನಿನಗೆ ಗೊತ್ತು. ಆ ಸಿಟ್ಟೇ ನನ್ನ ಕೈಯಲ್ಲಿ ಬರೆಸಿತೋ ಏನೋ ಎಂಬ ಭಯ. ನಾನು ನಂಬುವ ಕಿವಿ ಈ ಲೋಕದಲ್ಲಿ ಒಂದೇ. ಆದರೆ ನಿನ್ನ ಪ್ರಾರ್ಥನಾ ಮನೆಯ ವಿಷಯ ಎಂದು ಹೇಳಿದರೆ ಆ ಕಿವಿ ಸತ್ಯ ಕೇಳುವುದಿಲ್ಲ, ಆ ಮನೆಯನ್ನು ಕೇಳುತ್ತದೆ. ಅದಕ್ಕೆ ಗಡಿಯಾರದವನನ್ನು ಚಪ್ಪಲಿಯವನನ್ನಾಗಿ ಮಾಡಿದೆ. ತಾನು ಯಾವ ಕಡೆಯವನು ಎಂದು ಗೊತ್ತಿಲ್ಲದೆ ಮನುಷ್ಯ ಹೇಳುವ ಮಾತೇ ನ್ಯಾಯಕ್ಕೆ ಹತ್ತಿರದ್ದು ಎಂದು ನಾನು ಜೀವನವಿಡೀ ಬರೆದಿದ್ದೇನೆ. ನೀನು ಹೇಳಿದ್ದು ಅಂಥ ಮಾತು. ನನ್ನ ಇಡೀ ತೀರ್ಪಿನಲ್ಲಿ ಅದಕ್ಕಿಂತ ನಿಜವಾದ ಸಾಲು ಇರಲಿಲ್ಲ. ಸೇರಿಸಿಕೊಂಡೆ.

ಗಂಜಿ ಕುಡಿಸಿದ್ದು ನೀನು ಎಂಬುದು ಆಗ ಹೊಳೆಯಲಿಲ್ಲ ಎಂದರೆ ನಂಬುತ್ತೀಯಾ? ಹೊಳೆಯಿತು. ಆದರೂ ಸೇರಿಸಿಕೊಂಡೆ.

ಅಕ್ಕ

*

ಮೇ 13

ಅಕ್ಕನಿಗೆ,

ನಿನ್ನ ಕಾಗದವನ್ನು ಮೂರ್ನಾಲ್ಕು ಸಲ ಓದಿದೆ. ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಯಾವ ಕಡೆಯವರು ಎಂದು ಗೊತ್ತಿಲ್ಲದೆ ಹೇಳುವುದೇ ನ್ಯಾಯ ಎನ್ನುತ್ತೀಯ. ದೇವರು ನನ್ನನ್ನು ಹಾಗೆ ಕೇಳುವುದಿಲ್ಲವಲ್ಲ ಅಕ್ಕ. ಇವನು ನಿನ್ನ ಮಗ, ಇವಳು ನಿನ್ನ ಗೆಳತಿ, ಈಗ ಹೇಳು ಎಂದು ಎದುರಿಗೆ ನಿಲ್ಲಿಸಿಯೇ ಕೇಳುತ್ತಾನೆ. ಕಣ್ಣು ಕಟ್ಟಿ ಕೇಳಿ, ಆಮೇಲೆ ಬಿಚ್ಚಿ ನೋಡು ಅನ್ನುವುದಿಲ್ಲ.

ಇರಲಿ. ವಾದ ಮಾಡಿ ನಿನ್ನ ಮುಂದೆ ಗೆಲ್ಲುವುದಕ್ಕೆ ಆಗುತ್ತದಾ? ನನಗೆ ಬೇಕಾದದ್ದು ಬೇರೆ.

ಇಲ್ಲಿ ನನ್ನ ಹತ್ತಿರ ಯಾರೂ ಕೂರುತ್ತಿಲ್ಲ. ಒಳಗಿನ ಸುದ್ದಿ ಅಕ್ಕನಿಗೆ ಮುಟ್ಟಿಸಿದವಳು ನಾನಂತೆ. ಗಂಜಿ ಕುಡಿಸುವ ನೆಪದಲ್ಲಿ ಕಿವಿ ಇಟ್ಟು ಕೂತಿದ್ದೆನಂತೆ. ಬೇಕರಿಗೆ ಬ್ರೆಡ್ಡು ತರಲು ಹೋದರೆ, "ಜಡ್ಜಮ್ಮನ ಮನೆಯಲ್ಲಿ ಬ್ರೆಡ್ಡಿಗೆ ಬರವಾ?" ಎಂದಳು. ಅಲ್ಲಿದ್ದವರು ನಕ್ಕರು. ಹೊಲಿಗೆಗೆ ಕೊಟ್ಟಿದ್ದ ಬಟ್ಟೆಯನ್ನು ಇಬ್ಬರು ಹಾಗೇ ವಾಪಸ್ ತೆಗೆದುಕೊಂಡು ಹೋದರು. ಅಕ್ಕ, ಗಂಡ ಹೋದ ಮೇಲೆ ನನಗೆ ಮನೆ ಮಠ ಅಂತ ಇದ್ದದ್ದು ಆ ಹಜಾರದ ಬೆಂಚು. ನನ್ನನ್ನು ಹೆಸರು ಹಿಡಿದು ಕೂಗುವವರು ಅಲ್ಲೇ ಇದ್ದದ್ದು.

ಹಿರಿಯರಿಗೆ ಮೂರು ಸಾಲು ಬರೆ. ಆ ಮಾತು ಎಲ್ಲಿಂದ ಬಂತು, ನನಗೆ ಯಾವ ಕೇಸು ಎಂದು ಗೊತ್ತಿರಲಿಲ್ಲ, ನಾನು ಯಾವ ಸುದ್ದಿಯನ್ನೂ ತಂದುಕೊಡಲಿಲ್ಲ. ಅಷ್ಟೇ. ನಿಜವನ್ನೇ ಬರೆ ಎನ್ನುತ್ತಿದ್ದೇನೆ, ಸುಳ್ಳನ್ನಲ್ಲ.

ಕಾಯುತ್ತಿರುವ
ತಂಗಿ

*

ಜೂನ್ 9

ಗುಬ್ಬಿ,

ಆಗುವುದಿಲ್ಲ.

ಜಡ್ಜು ತೀರ್ಪಿನ ಬಗ್ಗೆ ತೀರ್ಪಿನ ಹೊರಗೆ ಮಾತಾಡಬಾರದು. ಇದನ್ನು ಬೇರೆಯವರಿಗೆ ಕಲಿಸಿದವಳು ನಾನು. ಅದು ಒಂದು ಕಾರಣ. ಇನ್ನೊಂದು, ನಿಮ್ಮ ಹಿರಿಯರು ಮರುಪರಿಶೀಲನೆಗೆ ಅರ್ಜಿ ಹಾಕಿದ್ದಾರೆ. ಕೇಸಿನ ಸಂಗತಿಯನ್ನು ಮನೆಯಲ್ಲಿ, ಅದೇ ಪ್ರಾರ್ಥನಾ ಮನೆಯ ಹೆಂಗಸಿನ ಮುಂದೆ ಓದಿದೆ ಎಂದು ನನ್ನ ಕೈಬರಹ ಅವರಿಗೆ ಸಿಕ್ಕಿದರೆ ತೀರ್ಪೇ ಬಿದ್ದುಹೋಗಬಹುದು. ಆ ಮಗಳು ಮತ್ತೆ ಬೀದಿಗೆ. ಅವಳ ತಪ್ಪೇನು?

ನಿನ್ನ ತಪ್ಪೇನು ಎಂದು ನೀನು ಕೇಳುತ್ತೀಯ.

ಇಲ್ಲಿಗೆ ಬಂದುಬಿಡು. ನಿನ್ನ ಕೋಣೆ ಹಾಗೆಯೇ ಇದೆ.

ಅಕ್ಕ

*

ಸೆಪ್ಟೆಂಬರ್ 27

ಅಕ್ಕನಿಗೆ,

ನಿನ್ನ ಎರಡು ಕಾಗದ ಬಂದವು, ಒಡೆಯಲಿಲ್ಲ. ಇದನ್ನು ಬರೆಯುವ ಮನಸ್ಸೂ ಇರಲಿಲ್ಲ. ಆದರೆ ನಡೆದದ್ದನ್ನು ಮುಚ್ಚಿಟ್ಟರೆ ನಿನಗೂ ನನಗೂ ಏನು ವ್ಯತ್ಯಾಸ?

ನಮ್ಮವರು ಈಗ ಬಸ್ ನಿಲ್ದಾಣದ ಹಿಂದಿನ ಒಂದು ಗೋದಾಮಿನಲ್ಲಿ ಸೇರುತ್ತಾರೆ. ನಾನು ಹೋಗಿ ಬಾಗಿಲ ಹತ್ತಿರ ನಿಂತು ಬರುತ್ತೇನೆ. ಕೂತುಕೋ ಎಂದು ಯಾರೂ ಹೇಳುವುದಿಲ್ಲ, ಹೋಗು ಎಂದೂ ಹೇಳುವುದಿಲ್ಲ.

ಹೋದ ವಾರ ತಾತನ ಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಆಸ್ಪತ್ರೆಯಲ್ಲಿ ನರ್ಸಂತೆ. ಕೈ ತಾತನದೇ, ಬೆರಳು ಉದ್ದ. ಬಾಗಿಲಲ್ಲೇ ನಿಂತು, "ನೀವೇ ಅಲ್ವಾ ನಮ್ಮಪ್ಪನ್ನ ನೋಡ್ಕೊಂಡಿದ್ದು? ಜಗಳಕ್ಕೆ ಬಂದಿಲ್ಲ ಕಣಮ್ಮ. ಕೊನೇಲಿ ಏನಾದ್ರೂ ಅಂದ್ರಾ ಅಂತ ಕೇಳೋಕೆ ಬಂದೆ" ಎಂದಳು.

ಒಳಗೆ ಕರೆದೆ. ಟೀ ಮಾಡುತ್ತಾ ಹೇಳಿದೆ. ತಾತ ಹೆಚ್ಚು ಮಾತಾಡುತ್ತಿರಲಿಲ್ಲ. ಸಂಜೆಯಾದರೆ ಒಂದೇ ಮಾತು, "ಗೇಟು ಸದ್ದಾಯ್ತಾ?" ನಾನು ಹಜಾರದ ತನಕ ಹೋಗಿ ಹಿರಿಯರನ್ನು ಕೇಳುತ್ತಿದ್ದೆ, "ಗಾಳಿ ಕಣಮ್ಮ, ಒಳಗೆ ಹೋಗು" ಎನ್ನುತ್ತಿದ್ದರು. ನಾನು ಬಂದು "ಗಾಳಿ, ತಾತ" ಎನ್ನುತ್ತಿದ್ದೆ.

ಅವಳು ಕಪ್ಪು ಕೆಳಗಿಟ್ಟಳು. "ಗಾಳಿಯಲ್ಲ. ನಾನು" ಎಂದಳು. ಡ್ಯೂಟಿ ಮುಗಿಸಿ ಸಂಜೆ ಸಂಜೆ ಬರುತ್ತಿದ್ದಳಂತೆ. ಅಪ್ಪ ಮಲಗಿದ್ದಾರೆ, ನಿನ್ನ ಮುಖ ನೋಡುವುದಿಲ್ಲವಂತೆ ಎಂದು ಗೇಟಿನಲ್ಲೇ ಹಿರಿಯರು ತಿರುಗಿ ಕಳಿಸುತ್ತಿದ್ದರಂತೆ.

ಇಬ್ಬರೂ ಅತ್ತೆವು. ಬೇರೇನು ಮಾಡುವುದು?

ಅವಳು ಎದ್ದು ನಿಂತವಳು ನನ್ನ ಗೋಡೆಯ ಗಡಿಯಾರ ನೋಡಿ "ಇದು ಅಪ್ಪ ರಿಪೇರಿ ಮಾಡಿದ್ದಾ?" ಎಂದಳು. ಇಳಿಸಿ ಹಿಂದಿನ ಮುಚ್ಚಳ ತೆಗೆದಳು. ಒಳಗೆ ಸೂಜಿಮೊನೆಯಲ್ಲಿ ಗೀಚಿದ ಸಹಿ, ಕೆಳಗೆ ತಾರೀಖು. ಕೈಗೆ ಬಂದ ಪ್ರತಿ ಗಡಿಯಾರದಲ್ಲೂ ಹಾಗೆ ಮಾಡುತ್ತಿದ್ದರಂತೆ. ಅದು ಅವರು ಹಾಸಿಗೆ ಹಿಡಿದ ಮೇಲೆ, ದಿಂಬಿಗೆ ಒರಗಿ ಕೂತು ನನಗೆ ಸರಿಮಾಡಿಕೊಟ್ಟ ಗಡಿಯಾರ. ಸಾಸಿವೆಯಷ್ಟು ಅಕ್ಷರ, ಒಂದೂ ನಡುಗಿಲ್ಲ. ಅಂಥವರಿಗೆ ಹೆಬ್ಬೆಟ್ಟು ಯಾಕೆ ಬೇಕಿತ್ತು? ಎಚ್ಚರವಿಲ್ಲದಾಗ ಒತ್ತಿಸಿಕೊಂಡರು. ನಾನು ಗಂಜಿ ಪಾತ್ರೆ ತೊಳೆಯಲು ಹೋದಾಗಲೇ ಇರಬೇಕು.

ನಿನ್ನ ತೀರ್ಪು ಸರಿ ಇದೆ ಅಕ್ಕ. ಹಿರಿಯರು ನನಗೆ ದೇವರ ಹೆಸರಿನಲ್ಲಿ ಮೋಸ ಮಾಡಿದರು. ನೀನು ನ್ಯಾಯದ ಹೆಸರಿನಲ್ಲಿ. ಅವರದ್ದಕ್ಕಿಂತ ನಿನ್ನದೇ ಹೆಚ್ಚು ನೋಯುತ್ತದೆ, ಯಾಕೆಂದರೆ ಅವರು ನನ್ನ ತಲೆ ಬಾಚಿದವರಲ್ಲ.

ತಂಗಿ

*

ನವೆಂಬರ್ 3

ಗುಬ್ಬಿ,

ಶುಕ್ರವಾರ ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ಆ ಸಾಲನ್ನೇ ಹೇಳಿದರು. ಹೊಗಳುತ್ತಾ ಹೊಗಳುತ್ತಾ "ಸೇವೆಯಲ್ಲ, ಕೊಯ್ಲು" ಎಂದು. ಕಾನೂನಿನ ಪಠ್ಯದಲ್ಲಿ ಸೇರುತ್ತದಂತೆ. ನಾನು ಎದ್ದು ನಿಂತು ಧನ್ಯವಾದ ಹೇಳಿ ಕೂತೆ. ಅದು ನನ್ನದಲ್ಲ ಎಂದು ಹೇಳಲಿಲ್ಲ. ಆಮೇಲೆ ಹೋಗಿ ಕೇಸಿನವರ ಬೆಂಚಿನ ಮೇಲೆ ಕೂತೆ. ಪೇದೆ ಬಂದು "ಮೇಡಂ, ಇಲ್ಲಿ ಕೂರ್ಬೇಡಿ" ಎಂದ.

ಈಗ ನಾನು ಪೀಠದ ಮೇಲಿಲ್ಲ, ಬರೆಯಬಹುದು. ಇದರ ಜೊತೆ ನಿಮ್ಮ ಹಿರಿಯರಿಗೆ ಬರೆದ ಕಾಗದ ಇಟ್ಟಿದ್ದೇನೆ. ನೀನು ಕೇಳಿದ ಮೂರು ಸಾಲು, ನಿಜವಾಗಿ ಮೂರೇ. ಅಂಟಿಸಿಲ್ಲ, ಓದಿಕೋ. ಅವರ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಇದು ಅವರ ಕೈಗೆ ಸಿಕ್ಕಿದರೆ ಆ ಮಗಳ ಮನೆಗೆ ಅಪಾಯವಾಗಬಹುದು, ಸಿಗದಿದ್ದರೆ ನಿನ್ನ ಹೆಸರು ಹೀಗೆಯೇ ಉಳಿಯುತ್ತದೆ. ನಿನಗೆ ಯಾವುದು ನ್ಯಾಯ ಎನಿಸುತ್ತದೋ ಹಾಗೆ ಮಾಡು. ಕೊಡು, ಇಲ್ಲ ಹರಿದು ಹಾಕು. ನನಗೆ ನಿನ್ನ ತೀರ್ಮಾನದ ಮೇಲೆ ನಂಬಿಕೆಯಿದೆ.

ಅಕ್ಕ

*

ನವೆಂಬರ್ 16

ಅಕ್ಕನಿಗೆ,

ಗೌನು ಕಳಿಸುತ್ತಿದ್ದೇನೆ. ಅಂಚು ಹೊಲಿದಿದ್ದೇನೆ, ತೋಳಿನ ಹತ್ತಿರವೂ ಒಂದು ಕಡೆ ಸವೆದಿತ್ತು, ಒಳಗಿನಿಂದ ತೇಪೆ ಹಾಕಿದ್ದೇನೆ. ಇನ್ನು ಹಾಕಿಕೊಳ್ಳುವ ಕೆಲಸವಿಲ್ಲ ಎಂದು ಗೊತ್ತು. ಒಪ್ಪಿಕೊಂಡ ಬಟ್ಟೆಯನ್ನು ಹಾಗೆಯೇ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಿಲ್ಲ.

ಗೌನಿನ ಜೇಬಿನಲ್ಲಿ ನಿನ್ನ ಮೂರು ಸಾಲಿನ ಕಾಗದವಿದೆ. ಓದಿದೆ. ಕತ್ತರಿ ಇಡುವ ಜಾಗ ಒಂದೂ ಇಲ್ಲ. ಅದನ್ನು ಹಿಡಿದುಕೊಂಡು ಗೋದಾಮಿನ ತನಕ ಹೋದೆ. ಬಾಗಿಲಲ್ಲಿ ನಿಂತೆ. ಕೊಟ್ಟರೆ ಬೇಕರಿಯವಳು ಸರಿದು ಜಾಗ ಮಾಡಿಕೊಡುತ್ತಾಳೆ. ಕೊಟ್ಟರೆ ಆ ಹುಡುಗಿ ಮತ್ತೆ ಗೇಟಿನ ಹೊರಗೆ. ಅಲ್ಲಿ ನಿಂತಾಗಲೇ ನನಗೆ ತಿಳಿದದ್ದು, ನೀನು ಮತ್ತೆ ಅದೇ ಕೆಲಸ ಮಾಡಿದ್ದೀಯ. ನಿನ್ನ ತೀರ್ಪನ್ನು ನನ್ನ ಕೈಯಲ್ಲಿ ಬರೆಸುತ್ತಿದ್ದೀಯ. ಅವತ್ತು ನನಗೆ ಹೇಳದೆ, ಇವತ್ತು ಹೇಳಿ. ಅಷ್ಟೇ ವ್ಯತ್ಯಾಸ.

ನಂಬಿಕೆಯಿದೆ ಎಂದು ಬರೆದಿದ್ದೀಯ. ಈಗ ನಂಬುತ್ತೀಯ. ಆ ದಿನ ನಂಬಬೇಕಿತ್ತು. "ಗುಬ್ಬಿ, ಇದು ನಿನ್ನ ಪ್ರಾರ್ಥನಾ ಮನೆಯ ವಿಷಯ, ಗಂಜಿ ಕುಡಿಸಿದವಳು ನೀನು, ಹೆಬ್ಬೆಟ್ಟು ಒತ್ತಿಸಿಕೊಂಡವರು ಇವರು, ಏನು ಹೇಳುತ್ತೀಯ?" ಎಂದು ಕೇಳಿದ್ದರೆ ನಾನು ಕತ್ತರಿ ಬಿಸಾಡಿ ಎದ್ದು ಹೋಗುತ್ತಿದ್ದೆ. ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ, ಒಂದು ದಿನ ಉಪವಾಸ ಇರುತ್ತಿದ್ದೆ, ನಿನ್ನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಆಮೇಲೆ ಬಂದು ಅದೇ ಮಾತನ್ನೇ ಹೇಳುತ್ತಿದ್ದೆ. ಹೇಳುತ್ತಿದ್ದೆ ಅಕ್ಕ. ಹೇಳಿ, ಭಾನುವಾರ ಹಜಾರದಲ್ಲಿ ಎದ್ದು ನಿಂತು, ಹೌದು ಇದು ನನ್ನ ಮಾತೇ ಎಂದು ಎಲ್ಲರ ಮುಖ ನೋಡಿ ಒಪ್ಪಿಕೊಳ್ಳುತ್ತಿದ್ದೆ. ಜನ ಆಗಲೂ ನನ್ನನ್ನು ಕೈಬಿಡುತ್ತಿದ್ದರು. ಆದರೆ ಬಿಟ್ಟದ್ದು ನಾನು ಆಡಿದ ಮಾತಿಗೆ ಆಗಿರುತ್ತಿತ್ತು, ನೀನು ಆಡಿಸಿದ್ದಕ್ಕೆ ಅಲ್ಲ. ಅಷ್ಟು ದೊಡ್ಡ ಪುಸ್ತಕ ಬರೆದವಳಿಗೆ ತಂಗಿಯ ಮೇಲೆ ಇಷ್ಟೂ ನಂಬಿಕೆಯಿರಲಿಲ್ಲ.

ಕಾಗದವನ್ನು ನಾನು ಕೊಡುವುದಿಲ್ಲ, ಹರಿಯುವುದೂ ಇಲ್ಲ. ನಿನ್ನ ಸಾಲು, ನಿನ್ನ ಸಹಿ. ಅಂಚೆಗೆ ಹಾಕುವುದಾದರೆ ನೀನೇ ಹಾಕು, ಹರಿಯುವುದಾದರೆ ನೀನೇ ಹರಿ. ಎರಡರಲ್ಲಿ ಯಾವುದನ್ನು ಮಾಡಿದರೂ ನನಗೆ ತಿಳಿಸಬೇಡ. ನಾನು ಬಾಗಿಲ ಹತ್ತಿರ ನಿಂತು ಪ್ರಾರ್ಥನೆ ಮಾಡುವುದನ್ನು ಕಲಿತಿದ್ದೇನೆ. ದೇವರಿಗೆ ಅಲ್ಲಿಂದಲೂ ಕೇಳಿಸುತ್ತದೆ.

ತೀರ್ಮಾನ ಮಾಡುವ ಮೊದಲು ಅಡುಗೆಮನೆಗೆ ಹೋಗು. ನಿನ್ನ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಆ ಮೂರು ಸಾಲನ್ನು ಗಟ್ಟಿಯಾಗಿ ಓದು. ಎಡವಿದ ಕಡೆ ನೀನೇ ನಿಲ್ಲಬೇಕು. ನನ್ನ ಕತ್ತರಿ ನನ್ನ ಹತ್ತಿರವೇ ಇದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ತಂಗಿ